ನಿಕಾನ್‌ನಿಂದ ಕೆನಾನ್‌ಗೋ, 35 ಎಂ.ಎಂ.ನಿಂದ 120 ರೋಲಿಗೋ?

ಹೇಮಾವತಿ_ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ನನ್ನ ಬಳಿ ಇರುವುದು ಒಂದೇ ಕ್ಯಾಮೆರಾ, ನಿಕಾನ್ ಎಫ್‌ಎಂ2. ಅದಕ್ಕೆ 28, 50 ಮತ್ತು 105 ಎಂ.ಎಂ. ಲೆನ್ಸುಗಳಿವೆ. ಹೆಚ್ಚಾಗಿ ಬಳಸುವ ಕಪ್ಪು-ಬಿಳುಪು ಫಿಲ್ಮ್ ಎಚ್‌ಪಿ5 ಪ್ಲಸ್. ಅದನ್ನು ಡಿ-76 ಡೆವಲಪರ್ ದ್ರಾವಣದಲ್ಲಿ ಮನೆಯಲ್ಲೇ ತೊಳೆಯುತ್ತೇನೆ. ಎರಡು ವರ್ಷಗಳಿಂದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ತಳಭಾಗದ ಪಟ್ಟಿಕೆಗಳನ್ನು, ಅಂದರೆ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರ ಸಾಲುಗಳನ್ನು, ಗೋಡೆಯ ಒಂದು ತುದಿಯಿಂದ ಹಿಡಿದು ತುಂಡು ತುಂಡಾಗಿ ತೆಗೆಯುತ್ತಾ ಬಂದಿದ್ದೇನೆ.

ತೊಂದರೆ ಕಾಣಿಸಿಕೊಂಡದ್ದು ಅವುಗಳಲ್ಲಿ ಕೆಲವನ್ನು 16×20 ಇಂಚಿಗೆ ದೊಡ್ಡದು ಮಾಡಿಸಿದಾಗ. ನಾಲ್ಕು ಹೆಜ್ಜೆ ದೂರ ನಿಂತು ನೋಡಿದರೆ ಚಿತ್ರಗಳು ಚೆನ್ನಾಗಿಯೇ ಇವೆ. ಹತ್ತಿರ ಹೋದರೆ ಮಾತ್ರ, ಆನೆಯ ಮೈಮೇಲಿನ ಸರದಲ್ಲಿ ಶಿಲ್ಪಿ ಬಿಡಿಸಿದ ಮಣಿ ಯಾವುದು, ಫಿಲ್ಮಿನ ಗ್ರೇನ್ (ಕಣಕಣವಾದ ಚುಕ್ಕೆ) ಯಾವುದು ಎಂದು ಬೇರ್ಪಡಿಸಲಾಗದಂತೆ ಎರಡೂ ಕಲಸಿಹೋಗಿವೆ.

ಇದೇ ಸಮಯಕ್ಕೆ ನನ್ನ ಮುಂದೆ ಎರಡು ಅವಕಾಶಗಳು ಬಂದಿವೆ. ಪರಿಚಯದವರೊಬ್ಬರು ತಮ್ಮ ಕೆನಾನ್ ಎ-1 ಬಾಡಿಯನ್ನು 50 ಎಂ.ಎಂ. ಮತ್ತು 100 ಎಂ.ಎಂ. ಮ್ಯಾಕ್ರೊ (ತೀರ ಹತ್ತಿರದಿಂದ ತೆಗೆಯುವ) ಲೆನ್ಸುಗಳ ಸಮೇತ ಕೊಡುತ್ತೇನೆ ಎನ್ನುತ್ತಿದ್ದಾರೆ. ಆದರೆ ಅದನ್ನು ಕೊಳ್ಳಲು ನಾನು ನಿಕಾನ್ ಮಾರಲೇಬೇಕು. ಇನ್ನೊಬ್ಬರ ಬಳಿ ಯಾಶಿಕಾ ಮ್ಯಾಟ್-124ಜಿ ಎಂಬ, 120 ರೋಲು ಹಾಕುವ ಅವಳಿ ಲೆನ್ಸಿನ ಕ್ಯಾಮೆರಾ ಇದೆ. ಅದನ್ನು ನಿಕಾನ್ ಇಟ್ಟುಕೊಂಡೇ ಕೊಳ್ಳಬಹುದು. ಮೀಡಿಯಂ ಫಾರ್ಮ್ಯಾಟಿನಲ್ಲಿ, ಅಂದರೆ 120 ರೋಲಿನ ದೊಡ್ಡ ನೆಗೆಟಿವಿನಲ್ಲಿ, ನಾನು ಇದುವರೆಗೆ ಒಂದು ಚಿತ್ರವನ್ನೂ ತೆಗೆದಿಲ್ಲ. ಎರಡು ದಾರಿಗಳನ್ನೂ ನಡೆದು ನೋಡಿದವರು ಹೇಳಿ: ನನ್ನ ಈ ಕೆಲಸಕ್ಕೆ ಯಾವುದು ಸರಿ?

ಸಿಲ್ವರ್_ಓಕ್, ಮೂಡಿಗೆರೆ

ನಾನು ನಿಕಾನ್‌ನಿಂದ ಕೆನಾನ್‌ಗೂ, ಅಲ್ಲಿಂದ ಮರಳಿ ನಿಕಾನ್‌ಗೂ ಬಂದವನು. ಆ ಓಡಾಟದಿಂದ ನನ್ನ ಚಿತ್ರಗಳಲ್ಲಿ ಆದ ವ್ಯತ್ಯಾಸವನ್ನು ಭೂತಗನ್ನಡಿ ಹಿಡಿದು ಹುಡುಕಿದರೂ ತೋರಿಸಲಾರೆ. ಡಿಜಿಟಲ್ ಕ್ಯಾಮೆರಾ ಬದಲಿಸಿದಾಗ ಅದರೊಳಗಿನ ಸೆನ್ಸರ್ ಕೂಡ ಬದಲಾಗುತ್ತದೆ. ಫಿಲ್ಮ್ ಕ್ಯಾಮೆರಾ ಹಾಗಲ್ಲ. ಯಾವ ಬಾಡಿಗೆ ಹಾಕಿದರೂ ಎಚ್‌ಪಿ5 ಎಚ್‌ಪಿ5 ಆಗಿಯೇ ಇರುತ್ತದೆ, 24×36 ಮಿ.ಮೀ. ಚೌಕಟ್ಟೂ ಅಷ್ಟೇ ಇರುತ್ತದೆ. ಬದಲಾಗುವುದು ಕೈಯ ಅಭ್ಯಾಸ ಮಾತ್ರ, ಅದೂ ಒಳ್ಳೆಯದಕ್ಕಲ್ಲ. ನಿಕಾನ್ ಲೆನ್ಸಿನ ಫೋಕಸ್ ಉಂಗುರ ತಿರುಗುವ ದಿಕ್ಕಿಗೂ ಕೆನಾನ್ ಲೆನ್ಸಿನದು ತಿರುಗುವ ದಿಕ್ಕಿಗೂ ನೇರ ವಿರೋಧ. ಲೆನ್ಸನ್ನು ಬಾಡಿಗೆ ತೊಡಿಸುವುದೂ ಹಾಗೆಯೇ. ವ್ಯವಸ್ಥೆ ಬದಲಿಸಿದ ಮೊದಲ ವರ್ಷ, ಹೂಮಳೆಯಾಗಿ ತೋಟವೆಲ್ಲ ಬೆಳ್ಳಗಾಗಿದ್ದ ಒಂದು ಬೆಳಿಗ್ಗೆ, ಕಾಫಿ ಹೂವಿನ ಗೊಂಚಲಿಗೆ ಜೇನು ಬಂದು ಕೂತದ್ದನ್ನು ಕಂಡು ಉಂಗುರ ತಿರುಗಿಸಿದೆ. ಕೈ ಹಳೆಯ ದಿಕ್ಕಿಗೇ ಹೋಯಿತು. ಸರಿಪಡಿಸಿಕೊಳ್ಳುವಷ್ಟರಲ್ಲಿ ಜೇನು ಪಕ್ಕದ ಗಿಡಕ್ಕೆ ಹೋಗಿತ್ತು. ಇಡೀ ರೋಲಿನಲ್ಲಿ ಇಂಥ ಚಿತ್ರಗಳು ಆರೋ ಏಳೋ ಇದ್ದವು.

ಇನ್ನೊಂದು ಮಾತು. ಎ-1ರ ಷಟರ್ ಪೂರ್ತಿ ಬ್ಯಾಟರಿಯನ್ನೇ ನೆಚ್ಚಿಕೊಂಡಿದೆ, ನಿಮ್ಮ ಎಫ್‌ಎಂ2ಗೆ ಬ್ಯಾಟರಿ ಬೇಕಾಗುವುದು ಮೀಟರಿಗೆ ಮಾತ್ರ. ಕೆನಾನ್ ಬೇಕೇ ಬೇಕು ಎಂಬ ಹಂಬಲವಿದ್ದರೆ ಯಾವುದಾದರೂ ಅಗ್ಗದ ಇಓಎಸ್ ಫಿಲ್ಮ್ ಬಾಡಿ ಕೊಂಡು, ತೆಳುವಾದ ಅಡಾಪ್ಟರ್ ಮೂಲಕ ನಿಮ್ಮ ನಿಕಾನ್ ಲೆನ್ಸುಗಳನ್ನೇ ಅದಕ್ಕೆ ಹಾಕಿ. ನಿಕಾನ್ ಲೆನ್ಸು ಫಿಲ್ಮಿನಿಂದ 46.5 ಮಿ.ಮೀ. ದೂರದಲ್ಲಿ ಕೂರುವಂತೆ ರೂಪಿಸಿದ್ದು, ಇಓಎಸ್‌ನಲ್ಲಿ ಆ ದೂರ 44 ಮಿ.ಮೀ. ಮಾತ್ರ. ಆದ್ದರಿಂದ ನಡುವೆ ಅಡಾಪ್ಟರ್ ಉಂಗುರಕ್ಕೆ ಜಾಗ ಸಿಗುತ್ತದೆ, ಅನಂತದ (ಬಹುದೂರದ) ಫೋಕಸ್ ಕೂಡ ಉಳಿಯುತ್ತದೆ. ಇದನ್ನು ತಿರುವುಮುರುವು ಮಾಡಲಾಗದು.

ಮೀಡಿಯಂ ಫಾರ್ಮ್ಯಾಟಿಗೆ ಹೋಗುವುದಾದರೆ ನನ್ನ ಓಟು ಮಮಿಯಾ ಆರ್‌ಬಿ67ಗೆ. ಅದು ಬೆಲ್ಲೋಸ್ (ಹಾರ್ಮೋನಿಯಂ ತಿದಿಯಂತೆ ಚಾಚುವ ಮಡಿಕೆ ಚೀಲ) ಮೂಲಕ ಫೋಕಸ್ ಆಗುವುದರಿಂದ ಶಿಲ್ಪದ ತೀರ ಹತ್ತಿರಕ್ಕೆ ಹೋಗಬಹುದು, ಮತ್ತು ಹಿಂಬದಿಯ ಫಿಲ್ಮ್ ಬ್ಯಾಕನ್ನು ತಿರುಗಿಸಿದರೆ ಸಾಕು, ಕ್ಯಾಮೆರಾವನ್ನು ಮಗುಚದೆಯೇ ಅಡ್ಡ ಚಿತ್ರ ಉದ್ದ ಚಿತ್ರವಾಗುತ್ತದೆ. ಬೆಲ್ಲೋಸ್ ಚಾಚಿದಷ್ಟೂ ಎಕ್ಸ್‌ಪೋಷರ್ ಹೆಚ್ಚಿಸಬೇಕು. ಅದನ್ನು ಮರೆತು ಮೊದಲ ಎರಡು ರೋಲುಗಳಲ್ಲಿ ತೆಳ್ಳನೆಯ ನೆಗೆಟಿವ್ ಪಡೆದವನು ನಾನು. ಭಾರ ಮಾತ್ರ ಲೆನ್ಸಿನೊಂದಿಗೆ ಎರಡೂವರೆ ಕಿಲೋ ದಾಟುತ್ತದೆ. ಮುಳ್ಳಯ್ಯನಗಿರಿಯ ಮೆಟ್ಟಿಲುಗಳನ್ನು ಅದನ್ನು ಹೆಗಲಿಗೆ ಹಾಕಿಕೊಂಡು ಹತ್ತಿದ್ದು ಒಂದೇ ಸಲ.

ಹಳೆಯ_ಡಾರ್ಕ್‌ರೂಮ್, ಹಾಸನ

ಮೇಲಿನವರು ಕೆನಾನ್ ಬಗ್ಗೆ ಹೇಳಿದ್ದಕ್ಕೆ ನನ್ನ ಸಮ್ಮತಿಯಿದೆ. ಆರ್‌ಬಿ67 ಬಗ್ಗೆ ಇಲ್ಲ, ಏಕೆಂದರೆ ಅದು ಟ್ರೈಪಾಡಿನ ಮೇಲೆ ಕೂರಬೇಕಾದ ಯಂತ್ರ, ಮತ್ತು ಹಳೇಬೀಡು ಪುರಾತತ್ವ ಇಲಾಖೆಯ ಸ್ಮಾರಕವಾದ್ದರಿಂದ ಅಲ್ಲಿ ಟ್ರೈಪಾಡ್ ನಿಲ್ಲಿಸಲು ಅನುಮತಿ ಪಡೆಯಬೇಕು.

ನಮ್ಮ ತಂದೆ ಇದೇ ಊರಿನಲ್ಲಿ ಸ್ಟುಡಿಯೋ ಇಟ್ಟಿದ್ದರು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ ಇಂದು ರೋಲು, ಒಂದು ಅವಳಿ ಲೆನ್ಸಿನ ಕ್ಯಾಮೆರಾ, ರೋಲಿಗೆ 12 ಚಿತ್ರ: ಒಂದು ಮದುವೆ ಎಂದರೆ ಇಷ್ಟೇ. ಧಾರೆ, ಮಾಂಗಲ್ಯಧಾರಣೆ, ಸಪ್ತಪದಿಗೆ ಇಷ್ಟಿಷ್ಟು ಎಂದು ಮೊದಲೇ ಲೆಕ್ಕ ಹಾಕಿಕೊಂಡು ಹೋಗುತ್ತಿದ್ದರು. ಆ ನೆಗೆಟಿವ್ ಎಷ್ಟು ದೊಡ್ಡದೆಂದರೆ, ಮದುಮಗಳ ಮುಖದ ಮೇಲಿನ ಮೊಡವೆಯ ಕಲೆಯನ್ನು ನಮ್ಮಪ್ಪ ಚೂಪಾದ ಪೆನ್ಸಿಲಿನಿಂದ ನೆಗೆಟಿವಿನ ಮೇಲೆಯೇ ತಿದ್ದುತ್ತಿದ್ದರು. 35 ಎಂ.ಎಂ. ನೆಗೆಟಿವಿನಲ್ಲಿ ಮುಖವೇ ಪೆನ್ಸಿಲ್ ಮೊನೆಯಷ್ಟಿರುತ್ತದೆ.

ಲೆಕ್ಕವನ್ನೇ ನೋಡಿ. ನಿಮ್ಮ ನೆಗೆಟಿವಿನ 24 ಮಿ.ಮೀ. ಅಂಚನ್ನು 16 ಇಂಚಿಗೆ ಹಿಗ್ಗಿಸಲು ಸುಮಾರು 17 ಪಟ್ಟು ದೊಡ್ಡದು ಮಾಡಬೇಕು. ಯಾಶಿಕಾ ಕೊಡುವ 6×6 (ಸೆಂ.ಮೀ.) ನೆಗೆಟಿವಿನ ನಿಜವಾದ ಅಳತೆ 56×56 ಮಿ.ಮೀ.; ಅದನ್ನು 45×56ಕ್ಕೆ ಕತ್ತರಿಸಿಕೊಂಡರೂ ಅದೇ ಚಿತ್ರಕ್ಕೆ 9 ಪಟ್ಟು ಸಾಕು. ನಿಮ್ಮ ಮಣಿ ಮತ್ತು ಗ್ರೇನ್ ಕಲಸಿಹೋಗುವ ಸಮಸ್ಯೆಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ, ಮತ್ತು ಇದು ಯಾವ ಕಂಪನಿಯ ಮ್ಯಾಕ್ರೊ ಲೆನ್ಸಿನಿಂದಲೂ ಸಿಗುವಂಥದ್ದಲ್ಲ.

ಪಟ್ಟಿಕೆಗಳ ಕೆಲಸಕ್ಕೆ ಅವಳಿ ಲೆನ್ಸಿನ ಕ್ಯಾಮೆರಾ ಹೇಳಿ ಮಾಡಿಸಿದಂತಿದೆ ಎನ್ನಲು ಇನ್ನೊಂದು ಕಾರಣವಿದೆ. ಆನೆಗಳ ಸಾಲು ಇರುವುದು ಎಲ್ಲಕ್ಕಿಂತ ಕೆಳಗೆ. ಎಫ್‌ಎಂ2 ಹಿಡಿದು ಅದರ ಮಟ್ಟಕ್ಕೆ ಬರಬೇಕಾದರೆ ನೀವು ಜಗತಿಯ, ಅಂದರೆ ಗುಡಿಯ ಸುತ್ತಲಿನ ಕಲ್ಲುಕಟ್ಟೆಯ, ಮೇಲೆ ಹೊಟ್ಟೆ ಹಾಕಿ ಮಲಗಬೇಕು. ಇಲ್ಲಿ ಹಾಗಿಲ್ಲ, ಕ್ಯಾಮೆರಾವನ್ನು ಕಲ್ಲಿನ ಮೇಲೇ ಇಟ್ಟು, ಮಂಡಿಯೂರಿ, ಮೇಲಿನಿಂದ ಗಾಜಿನೊಳಗೆ ಇಣುಕಿದರಾಯಿತು. ಒಳಗೆ ಎಗರುವ ಕನ್ನಡಿಯಿಲ್ಲ, ಷಟರ್ ಲೆನ್ಸಿನೊಳಗೇ ಇದೆ. ಹಾಗಾಗಿ ಕುತ್ತಿಗೆಯ ಪಟ್ಟಿಯನ್ನು ಬಿಗಿಯಾಗಿ ಕೆಳಕ್ಕೆಳೆದು ಹಿಡಿದು 1/30 ಸೆಕೆಂಡಿನಲ್ಲಿ ನಾನು ಧೈರ್ಯವಾಗಿ ತೆಗೆಯುತ್ತೇನೆ, ಉಸಿರು ಬಿಗಿಹಿಡಿದರೆ 1/15ರಲ್ಲೂ.

ಹಾಗೆಂದು ಮೊದಲ ದಿನವೇ ಕೈಗೂಡುತ್ತದೆ ಎಂದುಕೊಳ್ಳಬೇಡಿ. ಗಾಜಿನಲ್ಲಿ ಕಾಣುವ ಬಿಂಬ ನೇರವಾಗಿದ್ದರೂ ಎಡ ಬಲ ಅದಲುಬದಲಾಗಿರುತ್ತದೆ. ಸಾಲಿನ ಆನೆಗಳು ಬಲಕ್ಕೆ ನಡೆಯುತ್ತಿದ್ದರೆ ಗಾಜಿನಲ್ಲಿ ಎಡಕ್ಕೆ ನಡೆಯುತ್ತವೆ. ಚೌಕಟ್ಟನ್ನು ಒಂದು ಆನೆಯಷ್ಟು ಮುಂದಕ್ಕೆ ಸರಿಸೋಣವೆಂದು ಹೊರಟರೆ ಹಿಂದಕ್ಕೆ ಹೋಗುತ್ತೀರಿ. ಎರಡನೆಯದು, ನೀವು ನೋಡುವುದು ಮೇಲಿನ ಲೆನ್ಸಿನಿಂದ, ಚಿತ್ರ ಬೀಳುವುದು ಕೆಳಗಿನದರಿಂದ. ಎರಡರ ನಡುವೆ ನಾಲ್ಕೈದು ಸೆಂಟಿಮೀಟರ್ ಅಂತರವಿದೆ. ದೇವಾಲಯದ ಶಿಖರ ತೆಗೆಯುವಾಗ ಅದು ಲೆಕ್ಕಕ್ಕೇ ಬಾರದು. ಆದರೆ ಒಂದು ಮೀಟರ್ ದೂರದಿಂದ ಎರಡು ಪಟ್ಟಿಕೆಗಳ ನಡುವಿನ ಗೆರೆಗೆ ಸರಿಯಾಗಿ ಚೌಕಟ್ಟು ಕೂರಿಸಿದರೆ, ಮೇಲಿನ ಸಾಲಿನ ತಲೆಗಳು ಹಾರಿಹೋಗಿರುತ್ತವೆ. ಟ್ರೈಪಾಡ್ ಬಳಸುವವರಿಗಾಗಿ ಕ್ಯಾಮೆರಾವನ್ನು ಸರಿಯಾಗಿ ಅಷ್ಟೇ ಅಂತರಕ್ಕೆ ಮೇಲೆತ್ತುವ ಪ್ಯಾರಾಮೆಂಡರ್ ಎಂಬ ಸಾಧನವನ್ನು ಮಮಿಯಾ ತಯಾರಿಸುತ್ತಿತ್ತು. ನಾನು ಮಾಡುವುದು ಸರಳ: ಚೌಕಟ್ಟು ಕೂರಿಸಿದ ಮೇಲೆ ಕ್ಯಾಮೆರಾದ ಅಡಿಗೆ ಅಷ್ಟೇ ದಪ್ಪದ ಮರದ ತುಂಡೊಂದನ್ನು ತೂರಿಸುತ್ತೇನೆ.

ಮ್ಯಾಟ್-124ಜಿ ಸುಮಾರು ಒಂದು ಮೀಟರಿಗಿಂತ ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ. ಆ ದೂರದಲ್ಲಿ ಚೌಕಟ್ಟಿನೊಳಗೆ ಸುಮಾರು 65 ಸೆಂ.ಮೀ. ಅಗಲದ ಗೋಡೆ ಬೀಳುತ್ತದೆ. ಅದಕ್ಕಿಂತ ಹತ್ತಿರ ಬೇಕಾದರೆ ಎರಡೂ ಲೆನ್ಸುಗಳ ಮುಂದೆ ತೊಡಿಸುವ, ಬೇ-1 ಅಳತೆಯ ರೊಲೈನಾರ್ ಜೋಡಿ ಮಸೂರ ಹುಡುಕಿ. ನೋಡುವ ಲೆನ್ಸಿಗೆ ಹಾಕುವ ತುಂಡಿನಲ್ಲಿ ಮೇಲೆ ಹೇಳಿದ ಅಂತರವನ್ನು ಸರಿದೂಗಿಸುವ ವ್ಯವಸ್ಥೆಯೂ ಇರುತ್ತದೆ. ಆಳದ ಸ್ಪಷ್ಟತೆ ಕಡಿಮೆಯಾಗುತ್ತದೆಂಬುದನ್ನೂ ನೆನಪಿಡಿ. 80 ಎಂ.ಎಂ. ಲೆನ್ಸಿನ ನೋಟ ನಿಮ್ಮ 50ರ ನೋಟದಷ್ಟೇ ಅಗಲವಿದ್ದರೂ, ಒಂದು ಮೀಟರಿನಲ್ಲಿ ಎಫ್/8 (ಲೆನ್ಸಿನ ಕಿಂಡಿಯ ಅಳತೆ; ಅಂಕಿ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು) ಇಟ್ಟರೆ 50ರಲ್ಲಿ ಸುಮಾರು 18 ಸೆಂ.ಮೀ. ಆಳ ಸ್ಪಷ್ಟವಾಗಿ ಬರುವಲ್ಲಿ ಇದರಲ್ಲಿ ಬರುವುದು 12 ಸೆಂ.ಮೀ. ಪಟ್ಟಿಕೆಗಳಿಗೆ ಅಷ್ಟು ಸಾಕು. ಅವುಗಳ ಮೇಲೆ ಗೋಡೆಯಿಂದ ಮುಂಚಾಚಿ ನಿಂತ ದೊಡ್ಡ ವಿಗ್ರಹಗಳಿಗೆ ಎಫ್/11 ಅಥವಾ 16 ಬೇಕು.

ಕೊಳ್ಳುವ ಮೊದಲು 1 ಸೆಕೆಂಡಿನಿಂದ 1/500ರವರೆಗೆ ಎಲ್ಲ ವೇಗಗಳನ್ನೂ ಕಿವಿಗೊಟ್ಟು ಕೇಳಿ. ನಿಧಾನದ ವೇಗಗಳಲ್ಲಿ ಷಟರ್ ತಡವರಿಸಿದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ ಎಂದರ್ಥ. ಮೀಟರನ್ನು ನಂಬಬೇಡಿ. ಅದು 1.35 ವೋಲ್ಟಿನ ಪಾದರಸದ ಬ್ಯಾಟರಿಗಾಗಿ ಮಾಡಿದ್ದು, ಈಗ ಸಿಗುವ 1.5 ವೋಲ್ಟಿನ ಸೆಲ್ ಹಾಕಿದರೆ ತಪ್ಪು ಓದುತ್ತದೆ. ನಿಮ್ಮ ಎಫ್‌ಎಂ2 ಚೀಲದಲ್ಲಿದ್ದೇ ಇರುತ್ತದಲ್ಲ, ಅದರಿಂದಲೇ ಬೆಳಕು ಅಳೆಯಿರಿ.

ಗಿರಿಶ್ರೇಣಿ, ಚಿಕ್ಕಮಗಳೂರು

ಯಾರೂ ಕೇಳದ ಪ್ರಶ್ನೆಯೊಂದನ್ನು ಕೇಳುತ್ತೇನೆ. ನಿಂತ ಕಲ್ಲಿನ ಚಿತ್ರಕ್ಕೆ 400 ವೇಗದ (ಬೆಳಕಿಗೆ ಬೇಗ ಸ್ಪಂದಿಸುವ) ಎಚ್‌ಪಿ5 ಏಕೆ? ಎಫ್‌ಪಿ4 ಪ್ಲಸ್ ಹಾಕಿ, ಅದರ ವೇಗ 125. ಗ್ರೇನ್ ಕಡಿಮೆಯಾದದ್ದು ಕಣ್ಣಿಗೇ ಕಾಣುತ್ತದೆ. ಮೊದಲು ಫಿಲ್ಮ್ ಬದಲಿಸಿ ಎರಡು ರೋಲು ತೆಗೆದು, ಅದೇ 16×20 ಮಾಡಿಸಿ ನೋಡಿ, ಆಮೇಲೆ ಕ್ಯಾಮೆರಾದ ಮಾತು. ಒಂದು ರೋಲಿನ ಬೆಲೆಯನ್ನು 35 ಎಂ.ಎಂ.ನ 36 ಚಿತ್ರಗಳಿಂದ ಭಾಗಿಸುವುದಕ್ಕೂ 120ರ 12 ಚಿತ್ರಗಳಿಂದ ಭಾಗಿಸುವುದಕ್ಕೂ ಇರುವ ವ್ಯತ್ಯಾಸ ತಿಂಗಳ ಕೊನೆಗೆ ಗೊತ್ತಾಗುತ್ತದೆ.

ಹೇಮಾವತಿ_ದಂಡೆ, ಹಾಸನ

ಎಲ್ಲರಿಗೂ ಧನ್ಯವಾದಗಳು. ಗಿರಿಶ್ರೇಣಿಯವರೇ, ನಿಮ್ಮ ಮಾತು ನ್ಯಾಯವಾದದ್ದು. ಆದರೆ ಟ್ರೈಪಾಡ್ ಇಲ್ಲದೆ ಎಫ್/8ರಲ್ಲಿ ಇಳಿಬೆಳಕಿನಲ್ಲಿ ತೆಗೆಯಬೇಕಾದಾಗ ಎಫ್‌ಪಿ4ನಿಂದ 1/30ಕ್ಕೆ ಇಳಿಯಬೇಕಾಗಿ, 105 ಎಂ.ಎಂ. ಲೆನ್ಸಿನಲ್ಲಿ ಕೈ ನಡುಗಿದ್ದರಿಂದಲೇ ಎಚ್‌ಪಿ5ಗೆ ಬಂದದ್ದು. ಹಳೆಯ_ಡಾರ್ಕ್‌ರೂಮ್ ಅವರು ಹೇಳಿದಂತೆ ಕ್ಯಾಮೆರಾವನ್ನು ಕಲ್ಲಿನ ಮೇಲೇ ಇಡಬಹುದಾದರೆ ಎಫ್‌ಪಿ4 ಮತ್ತು 120 ಎರಡೂ ಒಟ್ಟಿಗೆ ಕೈಗೆ ಬಂದಂತಾಯಿತು. ಕೆನಾನ್ ಬೇಡವೆಂದು ಪರಿಚಯದವರಿಗೆ ಹೇಳಿಬಿಟ್ಟೆ. ಯಾಶಿಕಾವನ್ನು ಒಂದು ರೋಲಿನ ಮಟ್ಟಿಗೆ ಎರವಲು ಕೊಡಲು ಅದರ ಮಾಲೀಕರು ಒಪ್ಪಿದ್ದಾರೆ. ರೋಲು ಹಾಕುವಾಗ, ತೊಳೆಯುವಾಗ ಹೊಸಬರು ಮಾಡುವ ತಪ್ಪುಗಳೇನು?

ಹಳೆಯ_ಡಾರ್ಕ್‌ರೂಮ್, ಹಾಸನ

ಫಿಲ್ಮಿನ ಹಿಂಬದಿಗೆ ಸುತ್ತಿರುವ ಕಾಗದದ ಮೇಲಿನ ಬಾಣದ ಗುರುತು ಕ್ಯಾಮೆರಾದೊಳಗಿನ ಆರಂಭದ ಚುಕ್ಕೆಗೆ ಬರುವವರೆಗೆ ಹೆಬ್ಬೆರಳಿನಿಂದ ರೋಲನ್ನು ಒತ್ತಿ ಹಿಡಿದೇ ಸುತ್ತಿ, ಆಮೇಲೆ ಬಾಗಿಲು ಮುಚ್ಚಿ. ಸಡಿಲವಾಗಿ ಸುತ್ತಿದರೆ ರೋಲು ದಪ್ಪವಾಗಿ, ಹೊರತೆಗೆಯುವಾಗ ಅಂಚುಗಳಿಂದ ಬೆಳಕು ನುಗ್ಗುತ್ತದೆ. ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿನ ಮುಂದೆ, ಹಿನ್ನೀರಿನ ನಡುವೆ ದೋಣಿಯಲ್ಲಿ ಕೂತು ನಾನು ಅವಸರದಲ್ಲಿ ಬದಲಿಸಿದ ರೋಲಿನ ಹನ್ನೆರಡೂ ಚಿತ್ರಗಳ ಅಂಚಿನಲ್ಲಿ ಹೊಗೆಯಂಥ ಪಟ್ಟೆ ಇದೆ. ಮುಗಿದ ಮೇಲೆ ತುದಿಯ ಅಂಟುಪಟ್ಟಿಯನ್ನು ನಾಲಿಗೆಯಿಂದ ನೆನೆಸಿ ಬಿಗಿಯಾಗಿ ಅಂಟಿಸುವವರೆಗೆ ರೋಲನ್ನು ಕೈಬಿಡಬೇಡಿ.

ತೊಳೆಯುವಾಗ, ಸಾಮಾನ್ಯ ಪ್ಯಾಟರ್ಸನ್ ಟ್ಯಾಂಕಿನಲ್ಲಿ (ಫಿಲ್ಮ್ ತೊಳೆಯುವ, ಬೆಳಕು ನುಗ್ಗದ ಡಬ್ಬಿ) 35 ಎಂ.ಎಂ.ಗೆ 290 ಮಿ.ಲೀ. ದ್ರಾವಣ ಸಾಕಾದರೆ 120ಕ್ಕೆ 500 ಮಿ.ಲೀ. ಬೇಕು. ಫಿಲ್ಮ್ ಅಗಲವಾಗಿರುವುದರಿಂದ ಟ್ಯಾಂಕಿನೊಳಗಿನ ಸುರುಳಿ ರೀಲಿಗೆ ಏರಿಸುವಾಗ ಮಡಿಕೆ ಬಿದ್ದರೆ ಆ ಜಾಗದಲ್ಲಿ ಬಿದಿಗೆ ಚಂದ್ರನಂಥ ಕಲೆ ಉಳಿಯುತ್ತದೆ. ಹಾಳಾದ ರೋಲೊಂದನ್ನು ಹಗಲು ಬೆಳಕಿನಲ್ಲೇ ಹತ್ತು ಸಲ ಏರಿಸಿ ಅಭ್ಯಾಸ ಮಾಡಿಕೊಳ್ಳಿ.

ಸಿಲ್ವರ್_ಓಕ್, ಮೂಡಿಗೆರೆ

ಒಂದನ್ನು ಸೇರಿಸುತ್ತೇನೆ. ಕ್ಯಾಮೆರಾ ಕೊಂಡರೆ ಅದರ ಜೊತೆಗೆ ಬರುವ ಚರ್ಮದ ಚೀಲದಲ್ಲಿ ಮಳೆಗಾಲ ಕಳೆಯಲು ಬಿಡಬೇಡಿ, ಚರ್ಮ ತೇವ ಹಿಡಿದು ಮಸೂರಕ್ಕೆ ಬೂಷ್ಟು ಬರುತ್ತದೆ. ನಮ್ಮ ಕಡೆ ಜುಲೈ ತಿಂಗಳಲ್ಲಿ ಗೋಡೆಗೇ ಬರುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ಚಿಕ್ಕ ತೇವಮಾಪಕ ಇಡಿ. 40ರಿಂದ 50 ಶೇಕಡಾ ಇದ್ದರೆ ಸಾಕು. ತೆಗೆದ ರೋಲನ್ನೂ ತಿಂಗಳುಗಟ್ಟಲೆ ಇಡಬೇಡಿ. ತೇವಕ್ಕೆ ಹಿಂಬದಿಯ ಕಾಗದದ ಅಂಕಿಗಳು ಫಿಲ್ಮಿನ ಮೇಲೆ ಮೂಡಿ, ನಿಮ್ಮ ಆನೆಯ ಹೊಟ್ಟೆಯ ಮೇಲೆ 7 ಎಂದು ಬರೆದುಕೊಂಡಿರುತ್ತದೆ.

ಹಳೆಯ_ಡಾರ್ಕ್‌ರೂಮ್, ಹಾಸನ

ಹಳೇಬೀಡಿಗೆ ಹೋಗುವ ದಿನ ಮಧ್ಯಾಹ್ನದ ಮೇಲೆ ಹೊರಡಿ. ಗುಡಿ ಪೂರ್ವಕ್ಕೆ ಮುಖ ಮಾಡಿರುವುದರಿಂದ ಹಿಂಬದಿಯ ಪಶ್ಚಿಮದ ಗೋಡೆಗೆ ಓರೆ ಬೆಳಕು ಬೀಳುವುದು ನಾಲ್ಕರ ನಂತರ. ಕಾಲಿಗೆ ದಪ್ಪ ಕಾಲುಚೀಲ ಹಾಕಿಕೊಳ್ಳಿ, ಚಪ್ಪಲಿ ಹೊರಗೆ ಬಿಡಬೇಕು, ಆ ಹೊತ್ತಿಗೂ ಜಗತಿಯ ಕಲ್ಲು ಕಾದಿರುತ್ತದೆ. ಮರದ ತುಂಡು ನನ್ನ ಬಳಿ ಎರಡಿವೆ, ಒಂದನ್ನು ತೆಗೆದಿಡುತ್ತೇನೆ.