ರಿಪೇರಿ ಅನ್ನೋದು ಆಂಟಾಲಜಿಯಲ್ಲಿ ಕ್ಲಾಸಾ, ಪ್ರಾಪರ್ಟಿಯಾ?

ಪಂಪ್_ಲಾಗ್:
ನಮಸ್ಕಾರ. ಯಂತ್ರಗಳ ರಿಪೇರಿ ದಾಖಲೆಗೆ ಒಂದು ಆಂಟಾಲಜಿ (ಏನೇನು ಇದೆ, ಅವುಗಳ ನಡುವೆ ಏನು ಸಂಬಂಧ ಅಂತ ಕಂಪ್ಯೂಟರ್‌ಗೆ ತಿಳಿಯುವ ಹಾಗೆ ಬರೆದ ಮಾದರಿ) ಕಟ್ಟುತ್ತಿದ್ದೇನೆ, ಪ್ರೊಟೆಜೆ ಅನ್ನುವ ತಂತ್ರಾಂಶದಲ್ಲಿ. ಪಂಪ್, ಮೋಟಾರ್, ವಾಲ್ವ್, ಟೆಕ್ನಿಷಿಯನ್ ಎಲ್ಲ ಸಲೀಸಾಗಿ ಕ್ಲಾಸ್, ಅಂದರೆ ವರ್ಗ, ಆದವು. ತಲೆ ಕೆಟ್ಟಿದ್ದು ರಿಪೇರಿಯ ಹತ್ತಿರ ಬಂದಾಗ. ಮೊದಲು 'ರಿಪೇರಿ ಮಾಡಿದ' ಅಂತ ಒಂದು ಪ್ರಾಪರ್ಟಿ, ಅಂದರೆ ಸಂಬಂಧ, ಇಟ್ಟೆ, ಟೆಕ್ನಿಷಿಯನ್‌ನಿಂದ ಪಂಪ್‌ಗೆ ಒಂದು ಬಾಣ. ಆಮೇಲೆ ಯಾವತ್ತು ಮಾಡಿದ್ದು, ಎಷ್ಟು ಹೊತ್ತು ಹಿಡಿಯಿತು, ಯಾವ ಸೀಲ್ ಬದಲಾಯಿಸಿದ್ದು ಅಂತ ಸೇರಿಸಲು ಹೋದರೆ ಬಾಣದ ಮೇಲೆ ಏನನ್ನೂ ನೇತುಹಾಕಲು ಆಗುತ್ತಿಲ್ಲ. ಒಬ್ಬರೇ ಅದೇ ಪಂಪನ್ನು ಮೂರು ಸಲ ರಿಪೇರಿ ಮಾಡಿದರೂ ಟ್ರಿಪಲ್ (ಯಾರು, ಏನು ಮಾಡಿದರು, ಯಾವುದಕ್ಕೆ ಅನ್ನುವ ಮೂರು ತುಂಡಿನ ದಾಖಲೆ) ಒಂದೇ! ಈಗ 'ರಿಪೇರಿ'ಯನ್ನೇ ಕ್ಲಾಸ್ ಮಾಡಿ, 'ನಟ್ ಬಿಚ್ಚುವುದು', 'ಸೀಲ್ ಬದಲಾವಣೆ' ಅನ್ನುವುದನ್ನು ಅದರ ಸಬ್‌ಕ್ಲಾಸ್ ಮಾಡಿದ್ದೇನೆ. ಸರಿ ಇದೆಯಾ? ಇನ್ನೊಂದು, ರದ್ದಾದ ರಿಪೇರಿಗಳನ್ನು ಎಲ್ಲಿಡಬೇಕು?

ಹಳೇಕೋಡ್:
ಕ್ಲಾಸ್ ಮಾಡಿದ್ದು ಸರಿ. ನಾವು ಮಾತಾಡುವಾಗಲೂ ಹಾಗೇ ಮಾಡುತ್ತೇವೆ, ಗಮನಿಸಿ. 'ರಿಪೇರಿ ಮಾಡಿದರು' ಅಂದರೆ ಅದು ಕ್ರಿಯಾಪದ, ಅದಕ್ಕೆ ಬಾಲ ಅಂಟಿಸುವುದು ಕಷ್ಟ. 'ರಿಪೇರಿ ಮಾಡಿದ್ದು' ಅಂದ ಕೂಡಲೇ ಅದೊಂದು ಹೆಸರಾಗುತ್ತದೆ. ಮಾಡಿದ್ದು ನಿನ್ನೆ, ಮಾಡಿದ್ದು ಎರಡು ಗಂಟೆ, ಮಾಡಿದ್ದು ಇಬ್ಬರು. ಎಷ್ಟು ವಿವರ ಬೇಕೋ ಅಷ್ಟು ಸೇರಿಸಿಕೊಂಡು ಹೋಗಬಹುದು. ತತ್ವಜ್ಞಾನಿ ಡೊನಾಲ್ಡ್ ಡೇವಿಡ್ಸನ್ 1967ರಲ್ಲಿ ತರ್ಕಶಾಸ್ತ್ರದಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದೇ: ಕ್ರಿಯೆ ಹೇಳುವ ವಾಕ್ಯದೊಳಗೆ ಒಂದು ಘಟನೆ ಅಡಗಿ ಕೂತಿರುತ್ತದೆ, ಅದನ್ನೂ ಒಂದು ವಸ್ತುವಿನಂತೆ ಎಣಿಸಿ ಅಂತ. ಔಲ್‌ನಲ್ಲಿ (OWL, ಪ್ರೊಟೆಜೆಯಲ್ಲಿ ಬಳಸುವ ಆಂಟಾಲಜಿ ಭಾಷೆ) ಪ್ರಾಪರ್ಟಿಗೆ ಎರಡೇ ತುದಿ, ಹಾಗಾಗಿ ಇಲ್ಲಿ ಬೇರೆ ದಾರಿಯೂ ಕಡಿಮೆ.

ಅಂದಹಾಗೆ, 'ಪಂಪ್ ಕೆಟ್ಟಿತು' ಮತ್ತು 'ಪಂಪ್ ಕೆಟ್ಟಿದೆ' ಎರಡನ್ನೂ ಒಂದೇ ಕ್ಲಾಸಿಗೆ ತುರುಕಬೇಡಿ. ಮೊದಲನೆಯದು ಒಂದು ಕ್ಷಣದ ಘಟನೆ. ಎರಡನೆಯದು ರಿಪೇರಿ ಆಗುವ ತನಕ ಎಳೆಯುವ ಸ್ಥಿತಿ. ಒಟ್ಟು ಎಷ್ಟು ಹೊತ್ತು ಯಂತ್ರ ನಿಂತಿತ್ತು ಅಂತ ಲೆಕ್ಕ ಹಾಕುವಾಗ ಇದು ಬೇಕೇ ಬೇಕು.

ತ್ರಿಪದಿ_ಗ್ರಾಫ್:
ಸಬ್‌ಕ್ಲಾಸ್ ಮಾತ್ರ ತಪ್ಪು! ಸಬ್‌ಕ್ಲಾಸ್ ಅಂದರೆ 'ಒಂದು ಬಗೆ', 'ಒಂದು ಹಂತ' ಅಲ್ಲ. ಈಗಿರುವ ಹಾಗಿದ್ದರೆ ಪ್ರತಿಯೊಂದು ನಟ್ ಬಿಚ್ಚಿದ್ದೂ ಒಂದೊಂದು ರಿಪೇರಿ ಅಂತ ರೀಸನರ್ (ಬರೆದದ್ದರಿಂದ ತಾನೇ ತೀರ್ಮಾನ ತೆಗೆಯುವ ಪ್ರೋಗ್ರಾಂ) ಒಪ್ಪಿಕೊಳ್ಳುತ್ತದೆ, ಮತ್ತೆ ಈ ತಿಂಗಳು ಎಷ್ಟು ರಿಪೇರಿ ಆಯಿತು ಅಂತ ಕೇಳಿದರೆ ನಟ್‌ಗಳ ಲೆಕ್ಕ ಬರುತ್ತದೆ. ತುರ್ತು ರಿಪೇರಿ ಒಂದು ಬಗೆ, ಅದು ಸಬ್‌ಕ್ಲಾಸ್. ನಟ್ ಬಿಚ್ಚುವುದು ಭಾಗ, ಅದಕ್ಕೆ 'ಇದರ ಭಾಗ' ಅನ್ನುವ ಪ್ರಾಪರ್ಟಿ ಇಡಿ.

ಮೇಲಿನ ಚೌಕಟ್ಟು, ಅಂದರೆ ಯಾವ ಕ್ಷೇತ್ರಕ್ಕೂ ಹೊಂದುವ ಮೂಲ ವರ್ಗಗಳು, ಬೇಕಿದ್ದರೆ ಬಿಎಫ್‌ಒ (BFO) ಅನ್ನುವ ಆಂಟಾಲಜಿ ನೋಡಿ, 2021ರಲ್ಲಿ ಐಎಸ್‌ಒ ಮಾನದಂಡವೂ ಆಯಿತು. ಅಲ್ಲಿ ಪಂಪ್ ಕಂಟಿನ್ಯುಯಂಟ್: ಯಾವ ಕ್ಷಣ ನೋಡಿದರೂ ಇಡೀ ಪಂಪ್ ಎದುರಿಗಿರುತ್ತದೆ, ಸೀಲ್ ಬದಲಾದರೂ ಪಂಪ್ ಅದೇ. ರಿಪೇರಿ ಅಕರಂಟ್: ಹನ್ನೊಂದು ಗಂಟೆಗೆ ನೋಡಿದರೆ ಕಾಣುವುದು ಅದರ ಒಂದು ತುಂಡು ಮಾತ್ರ. ಡೋಲ್ಚೆ ಅನ್ನುವ ಇನ್ನೊಂದು ಅಂಥದೇ ಆಂಟಾಲಜಿಯಲ್ಲಿ ಇವಕ್ಕೆ ಎಂಡ್ಯುರಂಟ್, ಪರ್ಡ್ಯುರಂಟ್ ಅಂತ ಹೆಸರು.

ಸುಮ್ನೆ_ಓದುಗ:
ಒಂದು ರಿಪೇರಿ ಲಾಗ್‌ಗೆ ಬಿಎಫ್‌ಒ ಯಾಕೆ ಸ್ವಾಮಿ? ಪ್ರೊವ್-ಒ (PROV-O, ಯಾರು ಯಾವಾಗ ಏನು ಮಾಡಿದರು ಅಂತ ದಾಖಲಿಸುವ ಚಿಕ್ಕ ಆಂಟಾಲಜಿ) ಸಾಕಲ್ವಾ? ಆಕ್ಟಿವಿಟಿ, ಎಂಟಿಟಿ, ಏಜೆಂಟ್, ಶುರುವಾದ ಸಮಯ, ಮುಗಿದ ಸಮಯ. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ತ್ರಿಪದಿ_ಗ್ರಾಫ್:
ಯಾರು ಯಾವಾಗ ಮಾಡಿದರು ಅನ್ನುವುದಷ್ಟೇ ಬೇಕಿದ್ದರೆ ಸಾಕು. ಆದರೆ ಒಂದು ಆಕ್ಟಿವಿಟಿ ಇನ್ನೊಂದರ ಭಾಗ ಅಂತ ಹೇಳಲು ಅದರಲ್ಲಿ ಪ್ರಾಪರ್ಟಿ ಇಲ್ಲ, ಇವರಿಗೆ ಬೇಕಾಗಿರುವುದು ಅದೇ. ಹೊರಗಿನಿಂದ ಒಂದನ್ನು ತಂದು ಸೇರಿಸಬೇಕು.

ಪಂಪ್_ಲಾಗ್:
ಭಾಗ ಅಂತ ಬದಲಾಯಿಸಿದೆ, ಲೆಕ್ಕ ಸರಿಹೋಯಿತು. ಧನ್ಯವಾದ. ಹಂತಗಳ ಕ್ರಮಕ್ಕೆ 'ಇದಕ್ಕಿಂತ ಮೊದಲು' ಅಂತ ಪ್ರಾಪರ್ಟಿ ಇಟ್ಟು ಟ್ರಾನ್ಸಿಟಿವ್ (ಒಂದು ಎರಡಕ್ಕಿಂತ, ಎರಡು ಮೂರಕ್ಕಿಂತ ಮೊದಲಾದರೆ ಒಂದು ಮೂರಕ್ಕಿಂತಲೂ ಮೊದಲು) ಮಾಡಿದೆ. ಸುತ್ತು ಬರಬಾರದು ಅಂತ ಅಸಿಮ್ಮೆಟ್ರಿಕ್ (ಒಂದು ಎರಡಕ್ಕಿಂತ ಮೊದಲಾದರೆ ಎರಡು ಒಂದಕ್ಕಿಂತ ಮೊದಲಾಗುವಂತಿಲ್ಲ) ಕೂಡ ಟಿಕ್ ಮಾಡಿದರೆ ರೀಸನರ್ ಕಿರುಚುತ್ತಿದೆ. ರದ್ದಾದವುಗಳ ಪ್ರಶ್ನೆಯೂ ಹಾಗೇ ಉಳಿದಿದೆ.

ಹಳೇಕೋಡ್:
ಕಿರುಚಲೇಬೇಕು. ರೀಸನರ್‌ಗಾಗಿ ಮಿತಿ ಹಾಕಿದ ಔಲ್ 2 ಡಿಎಲ್ ಅನ್ನುವ ರೂಪದಲ್ಲಿ ಟ್ರಾನ್ಸಿಟಿವ್ ಆದ ಪ್ರಾಪರ್ಟಿಯನ್ನು ಅಸಿಮ್ಮೆಟ್ರಿಕ್ ಅಥವಾ ಇರ್‌ರಿಫ್ಲೆಕ್ಸಿವ್ (ಯಾವುದೂ ತನಗಿಂತ ತಾನೇ ಮೊದಲಾಗುವಂತಿಲ್ಲ) ಅಂತ ಹೇಳಲು ಬಿಡುವುದಿಲ್ಲ, ಬಿಟ್ಟರೆ ರೀಸನಿಂಗ್ ಮುಗಿಯುತ್ತದೆ ಅನ್ನುವ ಭರವಸೆಯೇ ಹೋಗುತ್ತದೆ. ಟ್ರಾನ್ಸಿಟಿವ್ ಒಂದೇ ಇಟ್ಟುಕೊಳ್ಳಿ. ಸುತ್ತು ಹುಡುಕಲು ಸ್ಪಾರ್ಕಲ್‌ನಲ್ಲಿ (SPARQL, ಈ ದಾಖಲೆಗಳಿಗೆ ಪ್ರಶ್ನೆ ಕೇಳುವ ಭಾಷೆ) ಪ್ರಾಪರ್ಟಿಯ ಪಕ್ಕ ಪ್ಲಸ್ ಚಿಹ್ನೆ ಹಾಕಿ, ಹೊರಟಲ್ಲಿಗೇ ವಾಪಸ್ ಬರುವ ಹಂತಗಳನ್ನು ಕೇಳಿ. ಒಂದೇ ಹೊತ್ತಿಗೆ ನಡೆಯುವ, ಅರ್ಧ ಅತಿಕ್ರಮಿಸುವ ಹಂತಗಳಿದ್ದರೆ 'ಮೊದಲು' ಒಂದೇ ಸಾಲುವುದಿಲ್ಲ. ಕಂಪ್ಯೂಟರ್ ವಿಜ್ಞಾನಿ ಜೇಮ್ಸ್ ಅಲೆನ್ 1983ರಲ್ಲಿ ಎರಡು ಅವಧಿಗಳ ನಡುವೆ 13 ಸಂಬಂಧ ಎಣಿಸಿದ್ದರು, ಸಮಯಕ್ಕೆಂದೇ ಇರುವ ಔಲ್-ಟೈಮ್ ಆಂಟಾಲಜಿಯಲ್ಲಿ ಅವು ಸಿದ್ಧವಾಗಿ ಸಿಗುತ್ತವೆ.

ರದ್ದಾದದ್ದಕ್ಕೆ ರಿಪೇರಿ ಕ್ಲಾಸಿನಲ್ಲಿ ಇನ್‌ಸ್ಟನ್ಸ್, ಅಂದರೆ ಒಂದು ನಿರ್ದಿಷ್ಟ ರಿಪೇರಿಯ ನಮೂದು, ಮಾಡಲೇಬೇಡಿ. ಮಾಡಿದರೆ ಅದು ನಡೆಯಿತು ಅಂತ ನೀವೇ ಹೇಳಿದ ಹಾಗೆ. ಆಮೇಲೆ 'ಸ್ಥಿತಿ: ರದ್ದು' ಅಂತ ಚೀಟಿ ಅಂಟಿಸಿದರೆ ರೀಸನರ್‌ಗೆ ಅದು ಅರ್ಥವಾಗುವುದಿಲ್ಲ. ನಾನೊಮ್ಮೆ ಈ ತಪ್ಪು ಮಾಡಿ ನಡೆಯದ ಕೆಲಸಕ್ಕೆಲ್ಲ ಸರಾಸರಿ ಅವಧಿ ತೆಗೆದಿದ್ದೆ. ಇದ್ದದ್ದು ಒಂದು ಪ್ಲಾನ್, ಅಂದರೆ ಕಾಗದದ ಮೇಲಿನ ಮಾಹಿತಿ. ಅದಕ್ಕೆ ಬೇರೆ ಕ್ಲಾಸ್. ರದ್ದು ಮಾಡಿದ್ದು ಮಾತ್ರ ನಿಜವಾಗಿ ನಡೆದ ಘಟನೆ, ಅದಕ್ಕೆ ದಿನಾಂಕ ಇದೆ, ಮಾಡಿದವರಿದ್ದಾರೆ.

ಮುಗಿದ ಸಮಯ ಇಲ್ಲದಿದ್ದರೆ 'ಇನ್ನೂ ನಡೆಯುತ್ತಿದೆ' ಅಂತಲೂ ಓದಬೇಡಿ. ಔಲ್‌ನ ಪ್ರಕಾರ ಅದು ಬರೆದಿಲ್ಲ, ಅಷ್ಟೇ. ಬರೆಯಲೇಬೇಕು ಅನ್ನುವ ನಿಯಮ ಬೇಕಿದ್ದರೆ ಶ್ಯಾಕಲ್ (SHACL, ದಾಖಲೆ ನಿಯಮದಂತೆ ಇದೆಯಾ ಅಂತ ಪರೀಕ್ಷಿಸುವ ಭಾಷೆ) ಬಳಸಿ.

ಪಂಪ್_ಲಾಗ್:
ಸ್ಪಾರ್ಕಲ್ ಓಡಿಸಿದೆ, ಎರಡು ಸುತ್ತು ಸಿಕ್ಕವು. ಒಂದು ನನ್ನದೇ ಟೈಪಿಂಗ್ ತಪ್ಪು. ಇನ್ನೊಂದರಲ್ಲಿ ಯಾರೋ ಟೈಮ್‌ಝೋನ್ ಬರೆಯದೆ ಬಿಟ್ಟಿದ್ದಾರೆ, ಸಮಯ ನೋಡಿ ಕ್ರಮ ಹಾಕುವ ಸ್ಕ್ರಿಪ್ಟ್ ಪಂಪ್ ಬಿಚ್ಚುವ ಮೊದಲೇ ಸೀಲ್ ಬದಲಾಯಿಸಿಬಿಟ್ಟಿದೆ.