ಆಕ್ಟೇವಿಯಾ ವಿಆರ್‌ಎಸ್ 230ಗೆ ಸ್ಟೇಜ್ 1 ಮಾಡಿಸಿದರೆ ಪಾರ್ಟ್ಸ್ ಎಷ್ಟು ದಿನ ಬಾಳಿಕೆ ಬರುತ್ತವೆ?

ಹಾಸನ_ಹೈವೇ:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡಲ್ಲಿ ಒಂದು ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230 ತಗೊಂಡಿದ್ದೇನೆ. 2017ರ ಗಾಡಿ, 68 ಸಾವಿರ ಕಿ.ಮೀ. ಓಡಿದೆ. ಮೊದಮೊದಲ ಸರ್ವಿಸ್ ಎಲ್ಲ ಕಂಪನಿ ಶೋರೂಮಲ್ಲೇ ಆಗಿದೆ, ಆಮೇಲಿನದು ಹೊರಗಿನ ಗ್ಯಾರೇಜಿನ ಬಿಲ್ಲುಗಳು. ಅದರಲ್ಲಿ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದ್ದು ಮಾತ್ರ ಎಲ್ಲೂ ಕಾಣುತ್ತಿಲ್ಲ.

ವಾರವಿಡೀ ಬೆಂಗಳೂರು ಟ್ರಾಫಿಕ್, ವಾರದ ಕೊನೆಗೆ ಹಾಸನಕ್ಕೆ ಊರಿಗೆ, ಆಗಾಗ ಸಕಲೇಶಪುರದ ಕಡೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ ಟ್ರ್ಯಾಕ್ ಡೇ ಮಾಡಬೇಕು ಅಂತ ಬಹಳ ಆಸೆ ಇದೆ.

ಈಗಿರುವ 230 ಪಿಎಸ್ ಪವರ್, 350 ಎನ್‌ಎಂ ಟಾರ್ಕನ್ನು ಸ್ಟೇಜ್ 1 ರೀಮ್ಯಾಪ್ ಮಾಡಿ (ಅಂದರೆ ಪಾರ್ಟ್ಸ್ ಬದಲಾಯಿಸದೆ ಎಂಜಿನ್ ಸಾಫ್ಟ್‌ವೇರ್ ಮಾತ್ರ ಬದಲಾಯಿಸಿ) 300 ಪಿಎಸ್, 430 ಎನ್‌ಎಂ ತನಕ ತಗೊಂಡು ಹೋಗಬಹುದು, ಯಾವ ಪಾರ್ಟಿಗೂ ಏನೂ ಆಗಲ್ಲ ಅಂತ ಒಬ್ಬ ಟ್ಯೂನರ್ ಹೇಳಿದರು. ಆ "ಏನೂ ಆಗಲ್ಲ" ಅನ್ನೋದು ನನಗೆ ಸಮಾಧಾನ ಕೊಡುತ್ತಿಲ್ಲ. ಈ ಗಾಡಿ ಇನ್ನೂ ಐದಾರು ವರ್ಷ ಇಟ್ಟುಕೊಳ್ಳಬೇಕು ಅಂತಿದ್ದೇನೆ. ಎಂಜಿನ್, ಟರ್ಬೊ, ಡಿಎಸ್‌ಜಿ (ಆಟೋಮ್ಯಾಟಿಕ್ ಗೇರ್‌ಬಾಕ್ಸ್), ಇವುಗಳಲ್ಲಿ ಮೊದಲು ಕೈ ಕೊಡೋದು ಯಾವುದು? ಜೊತೆಗೆ ಡೌನ್‌ಪೈಪ್ (ಟರ್ಬೊ ಹಿಂದಿನ ಎಕ್ಸಾಸ್ಟ್ ಪೈಪ್), ಗಾಡಿ ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಕೂಡ ಹಾಕಿಸಿ ಅಂತಿದ್ದಾರೆ. ಅನುಭವ ಇರುವವರು ದಯವಿಟ್ಟು ಹೇಳಿ.

ಕ್ಲಚ್‌ಪ್ಲೇಟ್_ಮಂಜ:

ನಮ್ಮ ಗ್ಯಾರೇಜಿಗೆ ಈ ಎಂಜಿನ್ನಿನ ಗಾಡಿಗಳು ಬರುತ್ತಲೇ ಇರುತ್ತವೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಎಲ್ಲರೂ ಪಿಎಸ್ ಎಷ್ಟು ಬಂತು ಅಂತ ಕೇಳುತ್ತಾರೆ, ಆದರೆ ಪಾರ್ಟ್ಸ್ ಆಯಸ್ಸು ತಿನ್ನೋದು ಟಾರ್ಕು (ಎಂಜಿನ್ ತಿರುಗಿಸುವ ಬಲ) ಮತ್ತು ಬಿಸಿ. ಅದರಲ್ಲೂ ಕಡಿಮೆ ಆರ್‌ಪಿಎಂನಲ್ಲಿ ಒಮ್ಮೆಲೇ ನುಗ್ಗುವ ಟಾರ್ಕ್. 5500 ಆರ್‌ಪಿಎಂನಲ್ಲಿ 300 ಪಿಎಸ್ ಕೊಡೋದು ಈ ಇಎ888 ಎಂಜಿನ್ನಿಗೆ ದೊಡ್ಡ ಮಾತಲ್ಲ. ಆದರೆ 1800 ಆರ್‌ಪಿಎಂನಲ್ಲೇ 430 ಎನ್‌ಎಂ ಕೊಡು ಅಂದರೆ ಸಿಲಿಂಡರ್ ಒಳಗಿನ ಒತ್ತಡ ಅಲ್ಲೇ ಗರಿಷ್ಠಕ್ಕೆ ಹೋಗುತ್ತದೆ. ಕನೆಕ್ಟಿಂಗ್ ರಾಡ್, ಪಿಸ್ಟನ್, ಕ್ಲಚ್, ಎಲ್ಲದರ ಮೇಲೂ ಹೊಡೆತ ಬೀಳೋದು ಆ ಜಾಗದಲ್ಲೇ. ಇದಕ್ಕೆ ಪರಿಹಾರ ಸುಲಭ. ಟಾರ್ಕ್ ನಿಧಾನಕ್ಕೆ ಏರುವ ಹಾಗೆ, 400 ಎನ್‌ಎಂ ಒಳಗೇ ನಿಲ್ಲುವ ಹಾಗೆ ಮ್ಯಾಪ್ ಬರೆದುಕೊಡಿ ಅಂತ ಟ್ಯೂನರ್ ಹತ್ತಿರ ಕೇಳಿ. ಒಳ್ಳೆಯ ಟ್ಯೂನರ್ ಒಪ್ಪುತ್ತಾರೆ. ಓಡಿಸುವಾಗ ಮೇಲಿನ ತುದಿಯ ಪವರ್ ಹಾಗೇ ಸಿಗುತ್ತದೆ, ಗಾಡಿಯ ಆಯಸ್ಸೂ ಉಳಿಯುತ್ತದೆ.

ಮೊದಲು ಕೈ ಕೊಡೋದು ಯಾವುದು ಅಂದಿರಿ. ನನ್ನ ಪ್ರಕಾರ ಡಿಎಸ್‌ಜಿ ಕ್ಲಚ್. ನಿಮ್ಮದರಲ್ಲಿರೋದು ಡಿಕ್ಯೂ250, ಆರು ಗೇರಿನ ವೆಟ್ ಕ್ಲಚ್ (ಆಯಿಲಿನಲ್ಲಿ ಓಡುವ ಕ್ಲಚ್). ಇದರ ಕಂಪನಿ ಮಿತಿಯೇ 350 ಎನ್‌ಎಂ, ಅಂದರೆ ಗಾಡಿ ಈಗಲೇ ಆ ಗೆರೆ ಮೇಲೆ ನಿಂತಿದೆ. ಪ್ರಾಯೋಗಿಕವಾಗಿ ಅದಕ್ಕಿಂತ ಜಾಸ್ತಿ ತಡೆಯುತ್ತದೆ ನಿಜ, ಆದರೆ ಆಯಿಲ್ ಚೆನ್ನಾಗಿದ್ದರೆ ಮಾತ್ರ. ಡಿಎಸ್‌ಜಿ ಆಯಿಲ್ಲು ಮತ್ತು ಫಿಲ್ಟರ್ 60 ಸಾವಿರ ಕಿ.ಮೀ.ಗೆ ಬದಲಾಯಿಸಬೇಕು ಅಂತ ಕಂಪನಿಯೇ ಹೇಳುತ್ತದೆ. ನಿಮ್ಮದು 68 ಸಾವಿರ ದಾಟಿದೆ, ಬಿಲ್ ಇಲ್ಲ. ಬಿಲ್ ಇಲ್ಲ ಅಂದರೆ ಆಗಿಲ್ಲ ಅಂತಲೇ ಲೆಕ್ಕ. ಆ ಕ್ಲಚ್ಚಿನ ಪುಡಿ ಎಲ್ಲ ಅದೇ ಆಯಿಲಿನಲ್ಲಿ ತೇಲುತ್ತಿರುತ್ತದೆ, ಅದೇ ಆಯಿಲ್ ಮೆಕಟ್ರಾನಿಕ್ (ಗೇರ್‌ಬಾಕ್ಸ್ ನಿಯಂತ್ರಿಸುವ ಘಟಕ) ಒಳಗೂ ಹೋಗುತ್ತದೆ. ಮೊದಲು ಅದನ್ನು ಹಾಕಿಸಿ. ಹಾಕಿಸುವಾಗ ಮೆಕ್ಯಾನಿಕ್ ಸ್ಕ್ಯಾನರ್‌ನಲ್ಲಿ ಆಯಿಲ್ ಟೆಂಪರೇಚರ್ ನೋಡಿ, 35ರಿಂದ 45 ಡಿಗ್ರಿ ಒಳಗೆ ಲೆವೆಲ್ ಮಾಡುತ್ತಾರಾ ಅಂತ ಪಕ್ಕದಲ್ಲೇ ನಿಂತು ನೋಡಿ. ಬಿಸಿ ಆಯಿಲ್ ಹಿಗ್ಗಿರುತ್ತದೆ, ಆಗ ಅಳತೆ ತಪ್ಪುತ್ತದೆ. ರೀಮ್ಯಾಪ್ ಆದಮೇಲೆ 40 ಸಾವಿರಕ್ಕೊಮ್ಮೆ ಬದಲಾಯಿಸಿ.

ಕ್ಲಚ್ ಸ್ಲಿಪ್ ಆಗ್ತಿದೆಯಾ ಅಂತ ತಿಳಿಯೋದು ಕಷ್ಟವಲ್ಲ. ನಾಲ್ಕನೇ ಅಥವಾ ಐದನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಸರ್ರನೆ ಮೇಲೆ ಹಾರುತ್ತದೆ, ಗಾಡಿ ಮಾತ್ರ ಅದೇ ವೇಗದಲ್ಲಿ ಇರುತ್ತದೆ, ಆಮೇಲೆ ಮುಳ್ಳು ಮೆಲ್ಲಗೆ ಕೆಳಗೆ ಬರುತ್ತದೆ. ಹೀಗಾದರೆ ಟ್ಯೂನ್ ಮಾತೇ ಬೇಡ, ಕ್ಲಚ್ ಪ್ಯಾಕ್ ಮೊದಲು. ಹೀಗಾಗದಿದ್ದರೆ ಎಂಜಿನ್ ಜೊತೆ ಟಿಸಿಯು (ಗೇರ್‌ಬಾಕ್ಸ್ ಕಂಪ್ಯೂಟರ್) ಟ್ಯೂನನ್ನೂ ಒಟ್ಟಿಗೇ ಮಾಡಿಸಿ. ಅದು ಕ್ಲಚ್ ಮೇಲಿನ ಒತ್ತಡ ಜಾಸ್ತಿ ಮಾಡಿ ಸ್ಲಿಪ್ ಕಡಿಮೆ ಮಾಡುತ್ತದೆ. ಬರೀ ಎಂಜಿನ್ ಟ್ಯೂನ್ ಮಾಡಿ ಗೇರ್‌ಬಾಕ್ಸ್ ಹಾಗೇ ಬಿಡೋದು ನನಗೆ ಸರಿ ಕಾಣಲ್ಲ.

ಆಮೇಲೆ ವಾಟರ್ ಪಂಪ್. ಥರ್ಮೋಸ್ಟಾಟ್ ಜೊತೆ ಸೇರಿರುವ ಪ್ಲಾಸ್ಟಿಕ್ ಹೌಸಿಂಗ್ ಇದು, ಈ ಎಂಜಿನ್ನಿನ ದುರ್ಬಲ ಜಾಗ ಅಂತ ಎಲ್ಲರಿಗೂ ಗೊತ್ತು. ಟ್ಯೂನ್ ಇಲ್ಲದ ಗಾಡಿಯಲ್ಲೂ ಲೀಕ್ ಆಗುತ್ತದೆ. ಇಂಟೇಕ್ ಮ್ಯಾನಿಫೋಲ್ಡ್ ಅಡಿಗೆ ಟಾರ್ಚ್ ಬಿಟ್ಟು ನೋಡಿ. ಗೇರ್‌ಬಾಕ್ಸ್ ಕಡೆಯ ಮೂಲೆಯಲ್ಲಿ ಗುಲಾಬಿ ಬಣ್ಣದ ಪುಡಿ, ಉಪ್ಪು ಒಣಗಿದ ಹಾಗೆ, ಅಂಟಿಕೊಂಡಿದ್ದರೆ ಕೂಲಂಟ್ ಜಿನುಗಿ ಒಣಗಿದೆ ಅಂತ ಅರ್ಥ. ಬಿಸಿ ಎಂಜಿನ್ ಮೇಲೆ ಬಿದ್ದ ತಕ್ಷಣ ಒಣಗುವುದರಿಂದ ನೆಲದ ಮೇಲೆ ಒಂದು ಹನಿಯೂ ಕಾಣಲ್ಲ, ಟ್ಯಾಂಕಿನಲ್ಲಿ ಮಾತ್ರ ಸುಮ್ನೆ ಲೆವೆಲ್ ಇಳಿಯುತ್ತಾ ಇರುತ್ತದೆ. ಪುಡಿ ಕಂಡರೆ ಅದನ್ನು ಸರಿ ಮಾಡಿಸಿಯೇ ಮುಂದೆ ಹೋಗಿ.

ನಿಮ್ಮ ಟರ್ಬೊ ಐಎಸ್20 ಅನ್ನೋ ಮಾದರಿ. ಸ್ಟೇಜ್ 1ಗೆ ಸಾಕು, ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು. ಅಷ್ಟೇ ಗಾಳಿ ತುಂಬಬೇಕು ಅಂದರೆ ಟರ್ಬೊ ಇಲ್ಲಿ ಚೆನ್ನೈಗಿಂತ ಜಾಸ್ತಿ ವೇಗದಲ್ಲಿ ತಿರುಗಬೇಕು. ಇಲ್ಲೂ ಅಷ್ಟೇ ಪವರ್ ಬೇಕು ಅಂತ ಹಟ ಹಿಡಿಯಬೇಡಿ. ಎಂಜಿನ್ ಆಯಿಲ್ ಕಂಪನಿ ಲೆಕ್ಕದಲ್ಲಿ 15 ಸಾವಿರ ಕಿ.ಮೀ., ನೀವು 7500ಕ್ಕೇ ಬದಲಾಯಿಸಿ. ವಿಡಬ್ಲ್ಯು 502 00 ಅಪ್ರೂವಲ್ ಇರುವ ಆಯಿಲೇ ಇರಲಿ. ಟರ್ಬೊ ಉಳಿಸೋದರಲ್ಲಿ ಇದಕ್ಕಿಂತ ದೊಡ್ಡ ಖರ್ಚು ಬೇಕಿಲ್ಲ. ಸ್ಪಾರ್ಕ್ ಪ್ಲಗ್ 60 ಸಾವಿರಕ್ಕೆ ಅಂತ ಇದೆ, ಟ್ಯೂನ್ ಆದಮೇಲೆ 25–30 ಸಾವಿರಕ್ಕೇ ತೆಗೆಸಿಬಿಡಿ. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಜಾಸ್ತಿ ಆದಾಗ ಕಿಡಿ ಆರಿಹೋಗದ ಹಾಗೆ ಗ್ಯಾಪ್ ಕೂಡ ಸ್ವಲ್ಪ ಕಡಿಮೆ ಇಡಬೇಕು.

ಕೊನೆಯದಾಗಿ ಓಡಿಸೋ ರೀತಿ. ಡಿಎಸ್‌ಜಿ ಡಿ ಮೋಡಿನಲ್ಲಿ ಪೆಟ್ರೋಲ್ ಉಳಿಸೋಕೆ ಬೇಗ ಬೇಗ ಮೇಲಿನ ಗೇರಿಗೆ ಹೋಗುತ್ತದೆ. 1500 ಆರ್‌ಪಿಎಂ, ಆರನೇ ಗೇರು, ಆಗ ಲಾರಿ ಓವರ್‌ಟೇಕ್ ಮಾಡೋಕೆ ಒಮ್ಮೆಲೇ ಒತ್ತಬೇಡಿ. ಮೊದಲು ಪ್ಯಾಡಲ್ ಎಳೆದು ಎರಡು ಗೇರ್ ಇಳಿಸಿ, ಆಮೇಲೆ ಒತ್ತಿ. ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಕಡಿಮೆ ಆರ್‌ಪಿಎಂ ಲೋಡಿನಲ್ಲಿ ಕಿಡಿ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ತೊಂದರೆ ಇದೆ. ಅದು ಪಿಸ್ಟನ್ ಒಡೆಯುವಷ್ಟು ಜೋರಾಗಿರುತ್ತದೆ. ಲಾಂಚ್ ಕಂಟ್ರೋಲ್ (ನಿಂತಲ್ಲಿಂದ ಪೂರ್ತಿ ಜೋರಿನಲ್ಲಿ ಹೊರಡಿಸುವ ಸೌಲಭ್ಯ) ಅಂತೂ ಬೇಡವೇ ಬೇಡ. ಮುಂದಿನ ಚಕ್ರ ಎಗರಿದಾಗೆಲ್ಲ ಎಂಜಿನ್ ಮೌಂಟ್, ಡ್ರೈವ್‌ಶಾಫ್ಟ್ ಎರಡೂ ಏಟು ತಿನ್ನುತ್ತವೆ.

ರೂಲ್ಸ್_ರಾಯ:

ಮಂಜಣ್ಣ ಎಂಜಿನ್ ಬಗ್ಗೆ ಹೇಳಿದ್ದಾರೆ, ನಾನು ಡೌನ್‌ಪೈಪ್ ಬಗ್ಗೆ ಮಾತ್ರ ಹೇಳುತ್ತೇನೆ. ಬೇಡ. ಅದನ್ನು ಹಾಕುವಾಗ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸಾಮಾನ್ಯವಾಗಿ ತೆಗೆಯುತ್ತಾರೆ. ಅದನ್ನು ತೆಗೆದ ಗಾಡಿ ಹೊಗೆ ವಾಸನೆ ಹೊಡೆಯುತ್ತದೆ, ಚೆಕ್ ಎಂಜಿನ್ ಲೈಟ್ ಬರದ ಹಾಗೆ ಸಾಫ್ಟ್‌ವೇರಿನಲ್ಲಿ ಮುಚ್ಚಬೇಕು, ಎಮಿಷನ್ ಟೆಸ್ಟಿನಲ್ಲಿ ತಲೆನೋವು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳನ್ನು ಮೀರಿ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿ ಆದಮೇಲೆ ಅಂಥ ಒಂದೊಂದು ಬದಲಾವಣೆಗೂ ₹5,000 ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ರೀಮ್ಯಾಪ್ ಕಣ್ಣಿಗೆ ಕಾಣಲ್ಲ ನಿಜ, ಆದರೆ ಅಪಘಾತ ಆದಾಗ ಇನ್ಶೂರೆನ್ಸ್‌ನವರಿಗೆ ತಿಳಿಸದ ಮಾರ್ಪಾಡು ಸಿಕ್ಕಿಬಿದ್ದರೆ ಕ್ಲೈಮ್ ತಿರಸ್ಕರಿಸಬಹುದು. ಇದನ್ನು ಟ್ಯೂನರ್‌ಗಳು ಯಾರೂ ಬಾಯಿಬಿಟ್ಟು ಹೇಳಲ್ಲ, ಅದು ನನಗೆ ಬೇಜಾರು.

ಲೋವರಿಂಗ್ ಸ್ಪ್ರಿಂಗ್ ಕೂಡ ಅಷ್ಟೇ. ಹಳೇ ಶಾಕ್ ಅಬ್ಸಾರ್ಬರ್ ಮೇಲೆ ಗಿಡ್ಡ ಸ್ಪ್ರಿಂಗ್ ಹಾಕಿದರೆ ಶಾಕ್ ಬೇಗ ಹೋಗುತ್ತದೆ. ನಮ್ಮ ಹಂಪ್‌ಗಳಿಗೆ ಈ ಗಾಡಿ ಈಗಿರುವ ಎತ್ತರದಲ್ಲೇ ಹೊಟ್ಟೆ ಉಜ್ಜುತ್ತದೆ ಅಲ್ವಾ?

ಹಾಸನ_ಹೈವೇ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಡೌನ್‌ಪೈಪ್, ಸ್ಪ್ರಿಂಗ್ ಎರಡೂ ಬಿಟ್ಟೆ. ಟಾರ್ಚ್ ಹಾಕಿ ನೋಡಿದೆ ಮಂಜಣ್ಣ, ನೀವು ಹೇಳಿದ ಜಾಗದಲ್ಲೇ ಗುಲಾಬಿ ಪುಡಿ ಇದೆ, ಸ್ವಲ್ಪ. ಇನ್ನೆರಡು ಪ್ರಶ್ನೆ: ಪೆಟ್ರೋಲ್ ಯಾವುದು ಹಾಕಲಿ? ಹಾಸನ ದಾರಿಯಲ್ಲಿ ಎಲ್ಲ ಬಂಕಿನಲ್ಲೂ 100 ಆಕ್ಟೇನ್ ಸಿಗಲ್ಲ. ಟ್ರ್ಯಾಕಿಗೆ ಹೋಗೋ ಮೊದಲು ಏನು ಬದಲಾಯಿಸಲಿ?

ಮೂರನೇ_ತಿರುವು:

ಕೊಯಮತ್ತೂರಿಗೆ ಆಗಾಗ ಹೋಗುತ್ತಿರುತ್ತೇನೆ, ಟ್ರ್ಯಾಕ್ ವಿಷಯ ನಾನು ಹೇಳುತ್ತೇನೆ.

ಕರಿ ಟ್ರ್ಯಾಕ್ ಸುಮಾರು 2.1 ಕಿ.ಮೀ. ಉದ್ದ, ಚಿಕ್ಕದು, ಗಾಡಿಗೆ ಉಸಿರು ಬಿಡೋಕೆ ಉದ್ದದ ನೇರ ದಾರಿ ಕಡಿಮೆ. ಒಂದು ಬ್ರೇಕ್ ತಣ್ಣಗಾಗೋ ಮೊದಲೇ ಇನ್ನೊಂದು ಬರುತ್ತದೆ. ಅಲ್ಲಿ ಗಾಡಿ ತೂಕವೇ ದೊಡ್ಡ ಶತ್ರು, ಪವರ್ ಕೊರತೆ ಯಾರಿಗೂ ಕಾಡಲ್ಲ. ಹಾಗಾಗಿ ಮೊದಲ ದುಡ್ಡು ಬ್ರೇಕ್ ಫ್ಲೂಯಿಡ್‌ಗೆ ಹಾಕಿ. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಕುದಿದರೆ ಪೈಪಿನಲ್ಲಿ ಗುಳ್ಳೆ, ಗುಳ್ಳೆ ಬಂದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಹೊಸ ಡಾಟ್ 4 ಹಾಕಿಸಿ, ಒಳ್ಳೆಯ ಪ್ಯಾಡ್ ಹಾಕಿಸಿ. ಒಂದು ಲ್ಯಾಪ್ ನಿಧಾನಕ್ಕೆ ಬಿಸಿ ಮಾಡಿ, ಮೂರ್ನಾಲ್ಕು ಜೋರು, ಆಮೇಲೆ ಒಂದು ಪೂರ್ತಿ ಲ್ಯಾಪ್ ಬ್ರೇಕ್ ಮುಟ್ಟದ ಹಾಗೆ ತಣ್ಣಗೆ ಬನ್ನಿ. ಪಿಟ್‌ಗೆ ಬಂದು ಹ್ಯಾಂಡ್‌ಬ್ರೇಕ್ ಹಾಕಬೇಡಿ, ಬಿಸಿ ಡಿಸ್ಕಿಗೆ ಪ್ಯಾಡ್ ಅಂಟಿಕೊಳ್ಳುತ್ತದೆ. ಟೈರ್ ಹೊರ ಅಂಚು ಬೇಗ ಸವೆಯುತ್ತದೆ, ಆ ಖರ್ಚಿಗೆ ತಯಾರಿರಿ.

ಮೊದಲ ಟ್ರ್ಯಾಕ್ ಡೇ ಟ್ಯೂನ್ ಇಲ್ಲದೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ. 230 ಪಿಎಸ್ ಅಲ್ಲಿ ಎಷ್ಟು ಜಾಸ್ತಿ ಅನ್ನೋದು ಅಲ್ಲಿಗೆ ಹೋದರೇ ಗೊತ್ತಾಗೋದು.

ಕ್ಲಚ್‌ಪ್ಲೇಟ್_ಮಂಜ:

ಪೆಟ್ರೋಲ್ ವಿಷಯ: ಮ್ಯಾಪ್ 95 ಆಕ್ಟೇನಿಗೇ ಬರೆಸಿ. ಎಕ್ಸ್‌ಪಿ100 (100 ಆಕ್ಟೇನ್ ಪೆಟ್ರೋಲ್) ಸಿಕ್ಕಾಗ ಹಾಕಿ, ಒಳ್ಳೆಯದೇ, ಆದರೆ ಅದನ್ನೇ ನಂಬಿ 100ರ ಫೈಲ್ ಹಾಕಿಸಿಕೊಂಡರೆ ಸಿಗದ ದಿನ ನಾಕಿಂಗ್ (ಮಿಶ್ರಣ ತಾನಾಗೇ ಹೊತ್ತಿಕೊಂಡು ಬಡಿಯುವುದು) ಶುರುವಾಗಿ ಇಸಿಯು (ಎಂಜಿನ್ ಕಂಪ್ಯೂಟರ್) ಕಿಡಿಯ ಟೈಮಿಂಗ್ ಹಿಂದಕ್ಕೆ ಎಳೆಯುತ್ತಾ ಇರುತ್ತದೆ. ಆಗ ಪವರ್ರೂ ಇಲ್ಲ, ಎಕ್ಸಾಸ್ಟ್ ಕೂಡ ಬಿಸಿ ಜಾಸ್ತಿ.

ಪುಡಿ ಇದೆ ಅಂದಿರಲ್ಲ, ಹಾಗಾದರೆ ವಾಟರ್ ಪಂಪ್ ಹೌಸಿಂಗ್ ಪೂರ್ತಿ ಬದಲಾಯಿಸಿ, ಬರೀ ಸೀಲ್ ಹಾಕಿಸಬೇಡಿ. ಬಿಚ್ಚಿದಾಗಲೇ ಅದರ ಬೆಲ್ಟನ್ನೂ ಹೊಸದು ಹಾಕಿಸಿ, ಲೇಬರ್ ಎರಡು ಸಲ ಕೊಡೋದು ತಪ್ಪುತ್ತದೆ. ಇದು, ಡಿಎಸ್‌ಜಿ ಆಯಿಲ್, ಪ್ಲಗ್, ಇವು ಆದಮೇಲೆ ಟ್ಯೂನ್ ಇಲ್ಲದ ಸ್ಥಿತಿಯಲ್ಲೇ ಡೈನೋ (ಪವರ್ ಅಳೆಯುವ ಯಂತ್ರ) ಮೇಲೆ ಒಂದು ರನ್ ಮಾಡಿಸಿ ಲಾಗ್ ತಗೊಳ್ಳಿ: ಬೂಸ್ಟ್ ಕೇಳಿದ್ದೆಷ್ಟು ಬಂದಿದ್ದೆಷ್ಟು, ನಾಲ್ಕೂ ಸಿಲಿಂಡರಿನ ಟೈಮಿಂಗ್ ರಿಟಾರ್ಡ್ (ಟೈಮಿಂಗ್ ಎಷ್ಟು ಹಿಂದಕ್ಕೆ ಎಳೆದಿದೆ ಅಂತ), ಇಂಟೇಕ್ ಗಾಳಿಯ ಬಿಸಿ. ಒಂದೇ ಸಿಲಿಂಡರಿನಲ್ಲಿ ಮಾತ್ರ ರಿಟಾರ್ಡ್ ಜಾಸ್ತಿ ಕಂಡರೆ ಅಲ್ಲಿನ ಪ್ಲಗ್, ಕಾಯಿಲ್, ಇಂಜೆಕ್ಟರ್ ನೋಡಬೇಕಾಗುತ್ತದೆ. ಫೈಲ್ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.