ಪದಚರ್ಚೆ: ‘ಸಮರ್ಥಿಸಿದರು’ ಎಂದರೆ ಸಾಕೇ, ‘ಎದೆಗೊಟ್ಟರು’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ರಾಜಕಾರಣದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮೂರು ದಿನದಿಂದ ಒಂದೇ ವಾಕ್ಯದ ಮುಂದೆ ಕೂತಿದ್ದೇನೆ: ‘ಧರ್ಮದ ಕಾರಣಕ್ಕೆ ಅನುಮಾನಕ್ಕೆ ಗುರಿಯಾದ ಅಧಿಕಾರಿಯನ್ನು ಮೆಕೇನ್ ಸಮರ್ಥಿಸಿದರು.’ ವ್ಯಾಕರಣ ಸರಿಯಾಗಿದೆ. ಆದರೆ ಅಂದು ನಡೆದದ್ದು ಈ ವಾಕ್ಯದಲ್ಲಿ ಇಲ್ಲ.

ಹಿನ್ನೆಲೆ ಹೇಳಿಬಿಡುತ್ತೇನೆ. 2012ರ ಜೂನ್‌ನಲ್ಲಿ ಮಿಷೆಲ್ ಬಾಕ್‌ಮನ್ ಸೇರಿದಂತೆ ರಿಪಬ್ಲಿಕನ್ ಪಕ್ಷದ ಐವರು ಸಂಸದರು, ಸರ್ಕಾರದೊಳಗೆ ಈಜಿಪ್ಟ್ ಮೂಲದ ಇಸ್ಲಾಮಿ ರಾಜಕೀಯ ಸಂಘಟನೆಯಾದ ಮುಸ್ಲಿಂ ಬ್ರದರ್‌ಹುಡ್ ಪ್ರಭಾವ ನುಸುಳಿದೆಯೇ ನೋಡಿ ಎಂದು ಇಲಾಖೆಗಳ ಒಳತನಿಖೆಯ ಅಧಿಕಾರಿಗಳಿಗೆ ಪತ್ರ ಬರೆದರು. ಅದರಲ್ಲಿ ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್ ಅವರ ಕಚೇರಿಯ ಹಿರಿಯ ಅಧಿಕಾರಿ ಹುಮಾ ಅಬೆದಿನ್ ಹೆಸರಿತ್ತು. ಆಕೆ ಮಾಡಿದ ತಪ್ಪೊಂದನ್ನೂ ಎತ್ತಿ ತೋರಿಸಿರಲಿಲ್ಲ; ಮನೆಯವರಿಗೆ ಆ ಸಂಘಟನೆಯ ಕಡೆಯವರ ನಂಟಿದೆ ಎಂಬ ಮಾತಷ್ಟೇ ಆಧಾರ. ಜುಲೈ 18ರಂದು ಮೇಲ್ಮನೆಯ ಸದಸ್ಯ ಜಾನ್ ಮೆಕೇನ್ ಸೆನೆಟ್‌ನಲ್ಲಿ ಎದ್ದು ನಿಂತು, ಈ ದಾಳಿಗೆ ತರ್ಕವೂ ಇಲ್ಲ, ಆಧಾರವೂ ಇಲ್ಲ, ಇದು ಈಗಲೇ ನಿಲ್ಲಬೇಕು ಎಂದರು. ಮೆಕೇನ್ ಕೂಡ ರಿಪಬ್ಲಿಕನ್ನರೇ. ಅಬೆದಿನ್ ಕೆಲಸ ಮಾಡುತ್ತಿದ್ದದ್ದು ಎದುರು ಪಕ್ಷದ ಆಡಳಿತದಲ್ಲಿ. ಎದುರಿನವರ ಕಡೆಯ ಒಬ್ಬರಿಗಾಗಿ ತನ್ನವರನ್ನೇ ಎದುರು ಹಾಕಿಕೊಂಡದ್ದು ಇಲ್ಲಿನ ಹೆಚ್ಚುಗಾರಿಕೆ. ನನಗೆ ಬೇಕಾದ ಕ್ರಿಯಾಪದ ಅದನ್ನು ಹೊತ್ತಿರಬೇಕು.

‘ಸಮರ್ಥನೆ’ ನನಗೆ ಒಗ್ಗದಿರಲು ಕಾರಣವಿದೆ. ‘ತಪ್ಪನ್ನು ಸಮರ್ಥಿಸಿಕೊಂಡ’, ‘ವಿವಾದಿತ ಹೇಳಿಕೆಗೆ ಪಕ್ಷದ ಸಮರ್ಥನೆ’ ಎಂದು ದಿನವೂ ಓದಿ ಓದಿ, ಆ ಪದ ಬಂದ ಕಡೆ ಏನೋ ಎಡವಟ್ಟು ನಡೆದಿರಬೇಕು ಎಂದು ಓದುಗ ಮೊದಲೇ ಊಹಿಸುತ್ತಾನೆ. ಏನೂ ಮಾಡದ ಹೆಣ್ಣುಮಗಳೊಬ್ಬಳ ವಿಷಯದಲ್ಲಿ ಅದನ್ನು ಬಳಸಿದರೆ ಅನುಮಾನದ ಒಂದು ಎಳೆಯನ್ನು ನಾನೇ ನೇಯ್ದಂತಾಗುತ್ತದೆ. ‘ವಹಿಸಿಕೊಂಡು ಮಾತಾಡಿದರು’ ಎಂದರೆ ಇನ್ನೂ ಕೆಟ್ಟದ್ದು, ಮಗನನ್ನು ವಹಿಸಿಕೊಂಡು ಬರುವ ತಾಯಿಯ ಮಮಕಾರ ಅದರಲ್ಲಿದೆ. ‘ಪಕ್ಷ ವಹಿಸಿದರು’ ಎನ್ನೋಣವೆಂದರೆ ಪಕ್ಷ ಎಂಬುದೇ ಇಲ್ಲಿ ತಿರುಗುಮುರುಗು.

‘ಬೆಂಬಲಿಸಿದರು’, ‘ಬೆನ್ನಿಗೆ ನಿಂತರು’ ಒಳ್ಳೆಯ ಮಾತುಗಳೇ. ಆದರೆ ಎರಡರಲ್ಲೂ ಇರುವುದು ಬೆನ್ನು. ಹಿಂದೆ ನಿಂತವರು ಬಲ ಕೊಡುತ್ತಾರೆ, ಪೆಟ್ಟು ಮಾತ್ರ ಮುಂದಿರುವವರಿಗೇ ಬೀಳುತ್ತದೆ. ಮೆಕೇನ್ ನಿಂತದ್ದು ಮುಂದೆ. ಹೀಗೆ ಯೋಚಿಸುತ್ತಿದ್ದಾಗ ಹೊಳೆದದ್ದು ‘ಎದೆಗೊಡು’. ಆದರೆ ಇಲ್ಲೊಂದು ತೊಡಕಿದೆ. ‘ಕಷ್ಟಕ್ಕೆ ಎದೆಗೊಟ್ಟ’, ‘ಗುಂಡಿಗೆ ಎದೆಗೊಟ್ಟ’ ಎನ್ನುವಾಗ ‘ಕ್ಕೆ/ಗೆ’ ಸೇರುವುದು ಬಂದೆರಗುವ ಪೆಟ್ಟಿಗೆ, ಕಾಯಬೇಕಾದ ಮನುಷ್ಯರಿಗಲ್ಲ. ‘ಅಬೆದಿನ್‌ಗೆ ಎದೆಗೊಟ್ಟರು’ ಎಂದರೆ ಆಕೆಯನ್ನೇ ಎದುರಿಸಿದರು ಎಂಬ ತಲೆಕೆಳಗಾದ ಅರ್ಥ ಬರುತ್ತದೆ. ‘ಆಕೆಯ ಪರವಾಗಿ ಆರೋಪಕ್ಕೆ ಎದೆಗೊಟ್ಟರು’ ಎಂದರೆ ಅರ್ಥ ಸರಿಹೋಗುತ್ತದೆ, ನಡಿಗೆ ಸ್ವಲ್ಪ ಭಾರವಾಗುತ್ತದೆ.

ನಾಮಪದದ ವಿಷಯದಲ್ಲಿ ನನಗೆ ಗೊಂದಲವಿಲ್ಲ. ‘ರಾಜಕೀಯ ಧೈರ್ಯ’ ಬೇಡ. ‘ಎಷ್ಟು ಧೈರ್ಯ ನಿನಗೆ!’ ಎಂದು ಬೈಯಲೂ ಬರುವ ಪದ ಅದು. ಆ ಪತ್ರ ಬರೆದವರಿಗೂ ಒಂದು ಬಗೆಯ ಧೈರ್ಯವಿತ್ತಲ್ಲ. ‘ಕೆಚ್ಚು’ ಚೆಂದದ ಪದ, ಮರದೊಳಗಿನ ಗಟ್ಟಿ ತಿರುಳಿನ ಹೆಸರು, ಆದರೆ ಅದರ ಜೊತೆಗೆ ರಣರಂಗ ಬರುತ್ತದೆ. ‘ಎದೆಗಾರಿಕೆ’ ದನಿ ಎತ್ತರಿಸದೆಯೂ ನಿಲ್ಲಬಲ್ಲದು. ಹಾಗೆಯೇ ‘ಪೂರ್ವಗ್ರಹ’ವನ್ನೇ ಉಳಿಸಿಕೊಂಡಿದ್ದೇನೆ. ಮೊದಲೇ ಹಿಡಿದುಕೊಂಡ ಭಾವನೆ ಎಂಬ ಅರ್ಥಕ್ಕೆ ‘ಗ್ರಹ’ವೇ ಹೊಂದುತ್ತದೆ, ‘ಆಗ್ರಹ’ ಬೇಕಿಲ್ಲ.

ಇನ್ನೊಂದು ಪ್ರಸಂಗ ಈ ಪದಗಳನ್ನು ಚೆನ್ನಾಗಿ ಒರೆಗೆ ಹಚ್ಚುತ್ತದೆ. 2008ರ ಅಕ್ಟೋಬರ್ 10ರಂದು ಮಿನೆಸೋಟಾದಲ್ಲಿ, ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಿದ್ದ ಮೆಕೇನ್ ಅವರ ಚುನಾವಣಾ ಸಭೆಯಲ್ಲಿ, ಮಹಿಳೆಯೊಬ್ಬರು ಎದುರಾಳಿ ಒಬಾಮಾ ಒಬ್ಬ ಅರಬ್ ಎಂದರು. ಮೆಕೇನ್ ಆಕೆಯ ಕೈಯಿಂದ ಮೈಕು ತೆಗೆದುಕೊಂಡು, ಅಲ್ಲಮ್ಮಾ, ಆತ ಸಭ್ಯ ಸಂಸಾರಸ್ಥ ಎಂದು ತಿದ್ದಿದರು. ತನ್ನದೇ ಸಭೆಯಲ್ಲಿ ಹಾಗೆ ಹೇಳುವುದು ಸಣ್ಣ ಮಾತಲ್ಲ. ಆದರೂ ಅದು ‘ಅಲ್ಲಗಳೆದದ್ದು’. ಅರಬ್ ಆದವನು ಸಭ್ಯನಲ್ಲವೇ ಎಂಬ ಪ್ರಶ್ನೆ ಅಲ್ಲೇ ಉಳಿಯಿತು. ಒಂಬತ್ತು ದಿನಗಳ ನಂತರ ಮಾಜಿ ವಿದೇಶಾಂಗ ಸಚಿವ ಕಾಲಿನ್ ಪೊವೆಲ್, ಅವರೂ ರಿಪಬ್ಲಿಕನ್ನರೇ, ಟಿವಿ ಸಂದರ್ಶನದಲ್ಲಿ ಆ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಒಬಾಮಾ ಮುಸ್ಲಿಮರಲ್ಲ, ಕ್ರೈಸ್ತರು, ಆದರೆ ಸರಿಯಾದ ಉತ್ತರ ಅದಲ್ಲ ಎಂದವರು ಮುಂದೆ ಕೇಳಿದ್ದನ್ನು ಕನ್ನಡದಲ್ಲಿ ಒಂದೇ ಉಸಿರಿನಲ್ಲಿ ಹೇಳಬಹುದು: ‘ಆಗಿದ್ದರೇನಂತೆ?’ ಈ ‘ಏನಂತೆ’ ಎಷ್ಟು ಕೆಲಸ ಮಾಡುತ್ತದೆ ನೋಡಿ! ಅಲ್ಲಗಳೆಯುವುದೂ ಇಲ್ಲ, ವಾದಿಸುವುದೂ ಇಲ್ಲ, ಆರೋಪವನ್ನು ಆರೋಪವೇ ಅಲ್ಲವೆಂದು ಕೆಳಗಿಟ್ಟುಬಿಡುತ್ತದೆ. ಓದುಗರಿಗೆ ಇದು ಉಡಾಫೆಯಾಗಿ ಕೇಳಿಸೀತೇ ಎಂಬ ಅಳುಕು ಮಾತ್ರ ನನಗಿದೆ. ಪೊವೆಲ್ ಅದನ್ನು ತೀರಾ ಗಂಭೀರವಾಗಿ ಕೇಳಿದ್ದರು.

2011ರಲ್ಲಿ ನ್ಯೂಜೆರ್ಸಿಯ ಗವರ್ನರ್ ಕ್ರಿಸ್ ಕ್ರಿಸ್ಟಿ ಆಡಿದ ಮಾತು ಬೇರೆಯದೇ ಬಿಸಿಯದು. ಸೊಹೈಲ್ ಮೊಹಮ್ಮದ್ ಅವರನ್ನು ನ್ಯಾಯಾಧೀಶರನ್ನಾಗಿ ಆರಿಸಿದಾಗ, ಇನ್ನು ಷರಿಯಾ ಕಾನೂನು ಬಂದೀತು ಎಂದು ಹುಯಿಲೆಬ್ಬಿಸಿದವರಿಗೆ ಅವರು ಒರಟಾಗಿಯೇ ಉತ್ತರಿಸಿದರು. ಅದಕ್ಕೆ ‘ಷರಿಯಾದ ಮಾತೆಲ್ಲ ಬರೀ ಬೊಗಳೆ, ಈ ತಲೆಕೆಟ್ಟವರ ಜೊತೆ ಏಗಿ ಸಾಕಾಗಿದೆ’ ಎಂದು ಬರೆದಿದ್ದೇನೆ. ‘ಅಸಂಬದ್ಧ’ ಎಂದು ಮೆದುಗೊಳಿಸಲು ಮನಸ್ಸು ಬರಲಿಲ್ಲ.

ಬಲ್ಲವರು ಹೇಳಿ: ‘ಎದೆಗೊಡು’ ಹೀಗೆ ‘ಪರವಾಗಿ’ ಜೊತೆ ನಿಲ್ಲುತ್ತದೆಯೇ? ಕಾಪಾಡಲ್ಪಡುವ ವ್ಯಕ್ತಿಯೇ ನೇರವಾಗಿ ಕರ್ಮಪದವಾಗುವಂಥ, ಆದರೆ ‘ಸಮರ್ಥಿಸು’ವಿನ ಕಲೆ ಅಂಟಿರದ ಕ್ರಿಯಾಪದ ನಿಮ್ಮ ಕಡೆಯ ಆಡುಮಾತಿನಲ್ಲಿ ಇದೆಯೇ?